ರಾತ್ರಿ ಪಾಳಿ ಯಾರಿಗೆ ಸೇರಿದ್ದು?

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಕಥೆ, ಕಾದಂಬರಿ ಅಲ್ಲ. ಕಾರ್ಖಾನೆಯ ನೋಟಿಸು, ಇನ್ಶೂರೆನ್ಸ್ ಫಾರಂ, ಮಾತ್ರೆ ಡಬ್ಬದೊಳಗೆ ಮಡಚಿಟ್ಟಿರುವ ಚೀಟಿ, ಇಂಥವು. 12 ವರ್ಷದಿಂದ ಇದೇ ಕೆಲಸ.

ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಕಾರ್ಖಾನೆಯಿಂದ ಒಂದೂವರೆ ಪುಟದ ನೋಟಿಸ್ ಬಂತು. ಕಂಪನಿ ಬಸ್ ಯಾರು ಹತ್ತಬಹುದು ಅನ್ನುವ ವಿಚಾರ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಆಪರೇಟರ್ಸ್ ಅಂಡ್ ಟ್ರೈನೀಸ್ ವರ್ಕಿಂಗ್ ಇನ್ ದ ನೈಟ್ ಶಿಫ್ಟ್ ಮೇ ಯೂಸ್ ದ ಕಂಪನಿ ಬಸ್.’

ನಾನು ಬರೆದದ್ದು: ‘ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಆಪರೇಟರ್‌ಗಳು ಮತ್ತು ಟ್ರೈನಿಗಳು ಕಂಪನಿ ಬಸ್ ಬಳಸಬಹುದು.’ ಒಂದು ಪದ ಬಿಟ್ಟಿರಲಿಲ್ಲ, ಒಂದು ಪದ ಸೇರಿಸಿರಲಿಲ್ಲ. ಕಳಿಸಿದೆ.

ನೋಟಿಸ್ ಅಂಟಿಸಿದ ನಾಲ್ಕನೇ ದಿನ ಎಚ್‌ಆರ್‌ನವರ ಫೋನ್ ಬಂತು. “ಮೇಡಂ, ಕನ್ನಡ ನೋಟಿಸ್ ಓದಿ ಡ್ರೈವರ್ ಫಸ್ಟ್ ಶಿಫ್ಟ್ ಆಪರೇಟರ್‌ಗಳನ್ನ ಹತ್ತಿಸ್ಕೊಳ್ತಿಲ್ಲ. ಹಗಲು ಪಾಳಿ ಟ್ರೈನಿಗಳು ಬಂದು ಕೂತ್ಕೊಳ್ತಿದಾರೆ. ನಾವು ಹೇಳಿದ್ದು ಉಲ್ಟಾ ಅಲ್ವಾ?”

ಆ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್ ಬೆಳಿಗ್ಗೆ 6ಕ್ಕೆ ಶುರು. ನೆಲಮಂಗಲದ ಕಡೆಯಿಂದ ಬರುವ ಹೆಂಗಸರು 5 ಗಂಟೆಯ ಕತ್ತಲಲ್ಲೇ ಮನೆ ಬಿಡಬೇಕು. ಮೂರು ದಿನ ಅವರು ಕೈಯಿಂದ ದುಡ್ಡು ಹಾಕಿ ಆಟೋದಲ್ಲಿ ಬಂದಿದ್ದರು. ನಾನು ಅವತ್ತೇ ಅಲ್ಲಿಗೆ ಹೋದೆ. ಒಬ್ಬರು ಆಪರೇಟರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಕ್ಕಾ, ಎಂಟು ವರ್ಷದಿಂದ ಇದೇ ಬಸ್ಸಲ್ಲಿ ಬರ್ತಿದೀವಿ. ನೋಟಿಸ್ ಓದಿದ್ಮೇಲೆ, ಇನ್ನು ರಾತ್ರಿಯವರಿಗೆ ಮಾತ್ರ ಅಂತ ಅಂದ್ಕೊಂಡ್ವಿ.” ಅವರು ಜಗಳ ಕೂಡ ಮಾಡಿರಲಿಲ್ಲ. ಬರೆದದ್ದನ್ನು ನಂಬಿದ್ದರು. ನನಗೆ ತುಂಬಾ ಬೇಜಾರಾಯಿತು.

ಕಂಪನಿಯ ಲೆಕ್ಕ ಸರಳವಾಗಿತ್ತು. ಯಾವ ಪಾಳಿಯೇ ಇರಲಿ, ಆಪರೇಟರ್‌ಗಳಿಗೆಲ್ಲ ಬಸ್ ಉಂಟು. ಟ್ರೈನಿಗಳು ಹತ್ತಿರದ ಹಾಸ್ಟೆಲಿನಲ್ಲೇ ಇರುವವರು, ಹಗಲು ನಡೆದು ಬರುತ್ತಾರೆ. ರಾತ್ರಿ ಪಾಳಿಗೆ ಮಾತ್ರ ಅವರಿಗೆ ಬಸ್.

ಮನೆಗೆ ಬಂದು ಎರಡೂ ಸಾಲುಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದೆ. ಇಂಗ್ಲಿಷಿನಲ್ಲಿ ‘ವರ್ಕಿಂಗ್ ಇನ್ ದ ನೈಟ್ ಶಿಫ್ಟ್’ ಹೆಸರುಪದ ಆದ ಮೇಲೆ ಬರುತ್ತದೆ. ನಮ್ಮಲ್ಲಿ ‘ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ’ ಹೆಸರುಪದಕ್ಕಿಂತ ಮೊದಲೇ ಬರುತ್ತದೆ. ಶಾಲೆಯಲ್ಲಿ ಕೃದಂತ ಅಂತ ಓದಿದ್ದೆವಲ್ಲ, ಅದೇ. ಒಂದೇ ಹೆಸರು ಇದ್ದರೆ ತೊಂದರೆ ಇಲ್ಲ. ‘ಅಂಡ್’ ಹಾಕಿ ಎರಡು ಹೆಸರು ಜೋಡಿಸಿದಾಗ ನೋಡಿ. ಇಂಗ್ಲಿಷಿನಲ್ಲಿ ಆ ಮಾತು ಕೊನೆಯಲ್ಲಿರುವ ಟ್ರೈನಿಗೆ ಖಂಡಿತ ಅಂಟುತ್ತದೆ. ಮೊದಲಿರುವ ಆಪರೇಟರ್‌ಗೂ ಅಂಟುತ್ತದೋ ಇಲ್ಲವೋ, ಅದೇ ಅನುಮಾನ. ಕನ್ನಡದಲ್ಲಿ ಅದು ಮೊದಲಿರುವ ಆಪರೇಟರ್‌ಗೆ ಖಂಡಿತ ಅಂಟುತ್ತದೆ. ಅನುಮಾನ ಇರುವುದು ಟ್ರೈನಿಯ ಮೇಲೆ. ಅಂದರೆ ನಾನು ಪದ ಬದಲಾಯಿಸದೇ ಅನುಮಾನವನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸಿಬಿಟ್ಟಿದ್ದೆ.

ಇಂಗ್ಲಿಷ್ ಓದುವವರಿಗೂ ಇದು ಸಣ್ಣ ಗೊಂದಲವಲ್ಲ. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಲಾಕ್‌ಹಾರ್ಟ್ ಅನ್ನುವವರ ಪ್ರಕರಣ ಬಂದದ್ದು ಇಂಥದ್ದೇ ಒಂದು ಸಾಲಿನಿಂದ. ಹಳೆಯ ಅಪರಾಧ ಇದ್ದವರಿಗೆ ಶಿಕ್ಷೆ ಹೆಚ್ಚಿಸುವ ಕಾನೂನಿನಲ್ಲಿ ಮೂರು ಬಗೆಯ ಲೈಂಗಿಕ ಅಪರಾಧಗಳ ಹೆಸರು ಸಾಲಾಗಿ ಇದ್ದವು. ಕೊನೆಗೆ ‘ಇನ್ವಾಲ್ವಿಂಗ್ ಎ ಮೈನರ್ ಆರ್ ವಾರ್ಡ್’ ಅಂತ ಇತ್ತು, ಅಂದರೆ ಅಪ್ರಾಪ್ತರ ಅಥವಾ ಸುಪರ್ದಿಯಲ್ಲಿರುವವರ ಮೇಲೆ ನಡೆದದ್ದು. ಅಪ್ರಾಪ್ತರ ಮಾತು ಮೂರಕ್ಕೂ ಸೇರುತ್ತದೋ, ಕೊನೆಯದಕ್ಕೆ ಮಾತ್ರವೋ? ಲಾಕ್‌ಹಾರ್ಟ್ ಅವರ ಹಳೆಯ ಅಪರಾಧ ವಯಸ್ಕರೊಬ್ಬರ ಮೇಲೆ ನಡೆದಿತ್ತು. ಆ ಮಾತು ಮೂರಕ್ಕೂ ಸೇರಿದ್ದರೆ ಹೊಸ ಕೇಸಿನಲ್ಲಿ ಕನಿಷ್ಠ 10 ವರ್ಷದ ಶಿಕ್ಷೆ ಕಡ್ಡಾಯವಾಗುತ್ತಿರಲಿಲ್ಲ. ಕೊನೆಯದಕ್ಕೆ ಮಾತ್ರ ಅಂತ 6-2ರಲ್ಲಿ ತೀರ್ಪಾಯಿತು. ಬರೆದವರು ನ್ಯಾಯಮೂರ್ತಿ ಸೊಟೊಮೇಯರ್. ನ್ಯಾಯಮೂರ್ತಿ ಕೇಗನ್ ಒಪ್ಪಲಿಲ್ಲ. ಒಂದು ಸಿನಿಮಾಗೆ ಸಂಬಂಧಪಟ್ಟ ನಟ, ನಿರ್ದೇಶಕ ಅಥವಾ ನಿರ್ಮಾಪಕರನ್ನು ನೋಡಬೇಕು ಅಂತ ಗೆಳತಿ ಇಂಗ್ಲಿಷಿನಲ್ಲಿ ಹೇಳಿದರೆ, ಆ ಸಿನಿಮಾದ ಮಾತನ್ನು ನಾವು ಮೂವರಿಗೂ ಸೇರಿಸಿಯೇ ಕೇಳುತ್ತೇವೆ ಅನ್ನುವುದು ಅವರ ವಾದ. ನನಗಂತೂ ಕೇಗನ್ ಅವರ ಮಾತೇ ಸರಿ ಅನಿಸುತ್ತದೆ. ಮಾತಾಡುವಾಗ ಜನ ಹಾಗೆಯೇ ಕೇಳಿಸಿಕೊಳ್ಳುತ್ತಾರೆ.

2021ರಲ್ಲಿ ಫೇಸ್‌ಬುಕ್ ವಿರುದ್ಧ ಡುಗಿಡ್ ಪ್ರಕರಣದಲ್ಲಿ ಅದೇ ಸೊಟೊಮೇಯರ್, ‘ಯೂಸಿಂಗ್’ ಅಂತ ಶುರುವಾಗುವ ಮಾತು ಅದಕ್ಕೆ ಮೊದಲು ಬಂದ ಎರಡು ಕ್ರಿಯೆಗೂ ಸೇರುತ್ತದೆ ಅಂತ ಬರೆದರು. ಅಲ್ಲಿ ‘ಯೂಸಿಂಗ್’ ಮುಂಚೆ ಒಂದು ಕಾಮಾ ಇತ್ತು. ಅದೂ ಒಂದು ಕಾರಣವಾಯಿತು.

ಲಾಕ್‌ಹಾರ್ಟ್ ಸಾಲನ್ನು ನಾನು ಬಸ್ ನೋಟಿಸಿನ ಹಾಗೆ ಕನ್ನಡಕ್ಕೆ ತಂದೆ ಅಂತ ಇಟ್ಟುಕೊಳ್ಳಿ. ‘ಅಪ್ರಾಪ್ತರ ಮೇಲೆ ನಡೆದ’ ಅನ್ನುವುದು ಪಟ್ಟಿಯ ಮೊದಲ ಅಪರಾಧಕ್ಕೆ ಹೋಗಿ ಕೂರುತ್ತದೆ. ಕೋರ್ಟು ಅದು ಸೇರಿರುವುದು ಕೊನೆಯದಕ್ಕೆ ಅಂದಿತ್ತು! ಕಾಮಾ ಹಾಕಿಯೂ ಇದನ್ನು ಸರಿ ಮಾಡಲು ಆಗುವುದಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ನಾನು ನಮ್ಮ ‘ಊ’ ಮೇಲೆ ಭಾರ ಹಾಕಿದೆ. ‘ಮತ್ತು’ ತೆಗೆದು ‘ಆಪರೇಟರ್‌ಗಳಿಗೂ ಟ್ರೈನಿಗಳಿಗೂ’ ಅಂದರೆ ಓದಲು ಚೆಂದ, ನಮ್ಮ ಮಾತಿನ ಹಾಗೇ ಇರುತ್ತದೆ. ಆದರೆ ‘ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಆಪರೇಟರ್‌ಗಳಿಗೂ ಟ್ರೈನಿಗಳಿಗೂ’ ಅಂದಾಗ ಅನುಮಾನ ಇದ್ದಲ್ಲೇ ಇದೆ. ‘ಊ’ ಎರಡನ್ನು ಜೋಡಿಸುತ್ತದೆ, ಬೇಲಿ ಹಾಕುವುದಿಲ್ಲ. ಬೇಲಿ ಬೇಕಾದರೆ ಕೃದಂತವನ್ನು ಅದು ಸೇರಬೇಕಾದ ಪದದ ಎದುರಿಗೇ ತಂದು ನಿಲ್ಲಿಸಬೇಕು: ‘ಎಲ್ಲ ಪಾಳಿಯ ಆಪರೇಟರ್‌ಗಳಿಗೂ, ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಟ್ರೈನಿಗಳಿಗೂ ಕಂಪನಿ ಬಸ್ ಇದೆ.’ ‘ಎಲ್ಲ ಪಾಳಿಯ’ ಅನ್ನುವುದು ಇಂಗ್ಲಿಷಿನಲ್ಲಿ ಇರಲಿಲ್ಲ. ಕೇಳಿ, ಒಪ್ಪಿಗೆ ಪಡೆದು ಸೇರಿಸಿದೆ. ಇಬ್ಬರಿಗೂ ಸೇರುವ ಮಾತಾಗಿದ್ದರೆ ಕೃದಂತವನ್ನೇ ಬಿಟ್ಟು ‘ರೆ’ ಹಿಡಿಯುತ್ತಿದ್ದೆ: ‘ಆಪರೇಟರ್ ಆಗಲಿ ಟ್ರೈನಿ ಆಗಲಿ, ರಾತ್ರಿ ಪಾಳಿ ಇದ್ದರೆ ಬಸ್ ಹತ್ತಬಹುದು.’ ಊರಿನಲ್ಲಿ ಯಾರನ್ನಾದರೂ ಕೇಳಿ, ಹೀಗೇ ಹೇಳುತ್ತಾರೆ.

ಒಪ್ಪಿಗೆ ಕೇಳಲು ಹೋದಾಗ ಇನ್ನೊಂದು ವಿಷಯ ಹೊರಬಂತು. ಅಲ್ಲಿ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ‘ವರ್ಕಿಂಗ್’ಗೆ ಕಾಲದ ಚಿಂತೆ ಇಲ್ಲ. ಕನ್ನಡದ ಇಂಥ ಕೃದಂತ ಕಾಲ ಬಿಟ್ಟು ಬರುವುದಿಲ್ಲ. ‘ಮಾಡುವ’ ಅಂದರೆ ಸಾಮಾನ್ಯವಾಗಿ ರಾತ್ರಿ ಪಾಳಿ ಮಾಡುವವರು. ‘ಮಾಡುತ್ತಿರುವ’ ಅಂದರೆ ಈಗ ಮಾಡುತ್ತಿರುವವರು. ಈ ವಾರ ಹಗಲಿಗೆ ಬಂದಿರುವ ಟ್ರೈನಿ ಯಾವುದರಲ್ಲಿ ಬರುತ್ತಾರೆ? ಎಚ್‌ಆರ್‌ನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ನಾವೂ ಯೋಚ್ನೆ ಮಾಡಿಲ್ಲ ಮೇಡಂ” ಅಂದರು. ಕೊನೆಗೆ ‘ಆ ವಾರ ರಾತ್ರಿ ಪಾಳಿಯಲ್ಲಿರುವ ಟ್ರೈನಿಗಳಿಗೂ’ ಅಂತ ಆಯಿತು. ಮೊದಲ ಸಾಲಿಗಿಂತ ಉದ್ದ, ಆದರೆ ಡ್ರೈವರ್ ಮತ್ತೆ ಯಾರನ್ನೂ ಕೇಳಬೇಕಾಗಿ ಬರಲಿಲ್ಲ.

‘ಇಫ್ ಸ್ವಾಲೋಡ್’, ‘ವೆನ್ ಮಿಕ್ಸ್‌ಡ್ ವಿತ್ ವಾಟರ್’ ತರದವು ಇದರ ತಂಗಿಯರು. ಬೆರೆಸುವವರು ಯಾರು ಅಂತ ಇಂಗ್ಲಿಷ್ ಹೇಳುವುದಿಲ್ಲ. ನಾವು ‘ಬೆರೆತಾಗ’ ಅನ್ನಬೇಕೋ ‘ಬೆರೆಸಿದಾಗ’ ಅನ್ನಬೇಕೋ ಅಲ್ಲೇ ತೀರ್ಮಾನಿಸಬೇಕು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಅಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ‘ಅಂಡ್’ ಅಥವಾ ‘ಆರ್’ ಇದ್ದು, ಜೋಡಿಸಿದ ಹೆಸರುಗಳಾದ ಮೇಲೆ ‘-ಇಂಗ್’ ಅಥವಾ ‘-ಎಡ್’ ಪದ ಬಂದರೆ ಅಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಊಹೆ ಮಾಡುವುದಿಲ್ಲ, ಫೈಲ್ ಕಳಿಸಿದವರನ್ನೇ ಕೇಳುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಆದರೂ ಕೇಳುತ್ತೇನೆ.

ಇವತ್ತು ಬೆಳಿಗ್ಗೆ ಒಂದು ಇನ್ಶೂರೆನ್ಸ್ ಫಾರಂ ಬಂದಿದೆ. ‘ಪೇರೆಂಟ್ಸ್ ಅಂಡ್ ಚಿಲ್ಡ್ರನ್ ಲಿವಿಂಗ್ ವಿತ್ ದ ಎಂಪ್ಲಾಯೀ’ ಅಂತ ಇದೆ. ಮಗ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಹಾವೇರಿಯ ಹಳ್ಳಿಯಲ್ಲಿ ಇದ್ದರೆ ಅವರಿಗೆ ವಿಮೆ ಉಂಟೋ ಇಲ್ಲವೋ? ಫಾರಂ ಕಳಿಸಿದವರಿಗೆ ಮೇಲ್ ಹಾಕಿದ್ದೇನೆ. ಉತ್ತರ ಬರುವ ತನಕ ಆ ಸಾಲು ಖಾಲಿಯೇ ಇರುತ್ತದೆ.