ಸೋಮವಾರ ಬೆಳಗಿನ ಹೊಟ್ಟೆನೋವು

ಮಗಳು ಯುಕೆಜಿಗೆ ಹೋಗಲು ಶುರು ಮಾಡಿ ಎರಡು ತಿಂಗಳಾಗಿತ್ತು. ಒಂದು ಸೋಮವಾರ ಶೂ ಹಾಕಿಕೊಳ್ಳುವಾಗ "ಅಮ್ಮಾ, ಹೊಟ್ಟೆ ನೋಯ್ತೈತೆ" ಅಂದಳು. ಹಿಂದಿನ ದಿನ ತಿಂದ ಬೆಣ್ಣೆದೋಸೆ ಜಾಸ್ತಿ ಆಯ್ತೇನೋ ಅಂದುಕೊಂಡು ಓಮದ ನೀರು ಕುಡಿಸಿ ಕಳಿಸಿದೆ. ಮಂಗಳವಾರವೂ ಅದೇ ಮಾತು. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಭಾನುವಾರ ರಾತ್ರಿವರೆಗೆ ನೋವಿನ ಸುದ್ದಿಯೇ ಇಲ್ಲ. ಮೂರನೇ ವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಮುಟ್ಟಿ ನೋಡಿ, ತೂಕ ನೋಡಿ, ವಾಂತಿ ಆಗುತ್ತಾ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ ಅಂತೆಲ್ಲ ಕೇಳಿ, "ಹೊಟ್ಟೆ ಚೆನ್ನಾಗಿದೆ, ಸ್ಕೂಲಲ್ಲಿ ಏನಾಗ್ತಿದೆ ವಿಚಾರಿಸಿ" ಅಂದರು.

ಹೊರಗೆ ಬಂದ ಮೇಲೆ ನಮ್ಮವರು "ಹಂಗಾದ್ರೆ ನಾಟಕ" ಅಂದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು, ಅದಕ್ಕೆ ಇವತ್ತಿಗೂ ಬೇಜಾರಿದೆ. ಅದು ನಾಟಕ ಅಲ್ಲವೇ ಅಲ್ಲ. ಹೆದರಿಕೆ ಆದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನುಗಳು ಏರುತ್ತವೆ, ಎದೆ ಬಡಿತ ಜೋರಾಗುತ್ತದೆ, ಕರುಳಿನ ಕೆಲಸ ಏರುಪೇರಾಗುತ್ತದೆ, ಹಾಗಾಗಿ ನೋವು ನಿಜವಾಗಿಯೂ ಇರುತ್ತದೆ. ಪರೀಕ್ಷೆ ದಿನ ನಮಗೂ ಹೊಟ್ಟೆ ತೊಳಸುತ್ತಿತ್ತು, ಅಲ್ವಾ? ನಮಗಾದರೆ "ಟೆನ್ಷನ್ ಆಗ್ತಿದೆ" ಅಂತ ಹೇಳೋಕೆ ಬರುತ್ತದೆ. ಐದು ವರ್ಷದ ಮಗುವಿಗೆ ಆ ಮಾತು ಇನ್ನೂ ಸಿಕ್ಕಿಲ್ಲ.

"ಸ್ಕೂಲಲ್ಲಿ ಏನಾಯ್ತು?" ಅಂತ ಎದುರಿಗೆ ಕೂರಿಸಿಕೊಂಡು ಕೇಳಿದೆ. "ಏನಿಲ್ಲ." ಮತ್ತೆ ಕೇಳಿದೆ, ಅಳು ಬಂತು. ಕೊನೆಗೆ ಕೇಳೋದನ್ನೇ ಬಿಟ್ಟೆ. ಒಂದು ಸಂಜೆ ಕುಂದವಾಡ ಕೆರೆ ದಂಡೆ ಮೇಲೆ ಇಬ್ಬರೂ ಸುಮ್ನೆ ನಡೆಯುತ್ತಿದ್ದೆವು, ಅವಳು ನೀರಿನ ಹಕ್ಕಿ ನೋಡುತ್ತಾ, ನನ್ನ ಮುಖ ನೋಡದೆ, ತಾನಾಗೇ ಹೇಳಿದಳು: "ಊಟದ ಬೆಲ್ ಆದ ಮೇಲೆ ಅವ್ರೆಲ್ಲ ಮಂಡಕ್ಕಿ ಅಂಗಡಿ ಆಟ ಆಡ್ತಾರೆ. ನಾನು ಬರ್ಲಾ ಅಂದ್ರೆ ಬ್ಯಾಡ ಅಂತಾರೆ." ಅಷ್ಟೇ ವಿಷಯ. ನಮಗೆ ಅಷ್ಟೇ, ಅವಳಿಗೆ ಅದು ದಿನಾ ಮಧ್ಯಾಹ್ನ. ಎದುರು ಬದುರು ಕೂತರೆ ಮಕ್ಕಳಿಗೆ ವಿಚಾರಣೆ ಅನ್ನಿಸುತ್ತದೆ. ಪಕ್ಕದಲ್ಲಿ ನಡೆಯುವಾಗ, ಬಟಾಣಿ ಬಿಡಿಸುವಾಗ, ಸ್ಕೂಟಿಯಲ್ಲಿ ಹೋಗುವಾಗ ಮಾತು ಬರುತ್ತದೆ.

ಮೊದಲು ನನಗೆ ಬಂದ ಯೋಚನೆ ಟೀಚರಿಗೆ ಹೇಳಿ ಆ ಮಕ್ಕಳಿಗೆ "ಇವಳನ್ನೂ ಸೇರಿಸಿಕೊಳ್ಳಿ" ಅನ್ನಿಸೋದು. ಹೇಳಿದೆ, ಟೀಚರು ಸೇರಿಸಿದರು, ಟೀಚರು ಆ ಕಡೆ ಹೋದ ತಕ್ಷಣ ಮತ್ತೆ ಅದೇ ಕಥೆ. ಆಮೇಲೆ ಬೀದಿಯ ಮಕ್ಕಳು ಆಡೋದನ್ನು ಗಮನವಿಟ್ಟು ನೋಡಿದೆ. ಆಟದ ಮಧ್ಯೆ ಯಾರಾದರೂ ಬಂದು "ನಾನೂ ಬರ್ಲಾ?" ಅಂದರೆ ಮಕ್ಕಳ ಬಾಯಿಗೆ ಮೊದಲು ಬರೋದು "ಬ್ಯಾಡ" ಅನ್ನೋದೇ. ಅದರಲ್ಲಿ ದ್ವೇಷ ಇಲ್ಲ, ಆಟ ಕೆಡುತ್ತದೆ ಅನ್ನೋ ಭಯ ಅಷ್ಟೇ. ಸಲೀಸಾಗಿ ಸೇರಿಕೊಳ್ಳೋ ಮಗು ಕೇಳೋದೇ ಇಲ್ಲ. ಸ್ವಲ್ಪ ಹೊತ್ತು ನಿಂತು ನೋಡುತ್ತದೆ, ಆಟದಲ್ಲಿ ಏನು ಕಡಿಮೆ ಇದೆಯೋ ಅದನ್ನು ಹಿಡಿದುಕೊಂಡು ಒಳಗೆ ಬರುತ್ತದೆ.

ಮನೆಯಲ್ಲಿ ಒಂದು ವಾರ ಅದನ್ನೇ ಆಡಿದೆವು. ಗೊಂಬೆಗಳು ಅಂಗಡಿ ಇಟ್ಟಿದ್ದವು. "ಅಂಗಡಿ ಐತೆ, ಮಾರೋರು ಐದು ಜನ ಅದಾರೆ, ಏನಿಲ್ಲ ಹೇಳು?" ಅಂದೆ. ಯೋಚನೆ ಮಾಡಿ, "ತಿನ್ನೋರಿಲ್ಲ" ಅಂದಳು. ಗುರುವಾರ ಸ್ಕೂಲಲ್ಲಿ ಹೋಗಿ ನಿಂತು "ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ, ಖಾರ ಜಾಸ್ತಿ ಹಾಕ್ರಿ" ಅಂದಳಂತೆ. ಗಿರಾಕಿ ಬಂದ ಮೇಲೆ ಯಾವ ಅಂಗಡಿಯವರು ಬೇಡ ಅಂತಾರೆ? ಸಂಜೆ ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು.

ಸೋಲೋದನ್ನು ಕಲಿಸಿದ್ದು ನಮ್ಮತ್ತೆ, ಚೌಕಾಬಾರದಲ್ಲಿ. ಕವಡೆ ಹಾಕಿ ತನ್ನ ಸರದಿಗೆ ಕಾಯಬೇಕು, ಒಳಸುತ್ತಿನವರೆಗೆ ಬಂದ ಕಾಯಿಯನ್ನು ಅಜ್ಜಿ ಹೊಡೆದರೆ ಮತ್ತೆ ಮೊದಲಿಂದ. ಮೊದಲೆಲ್ಲ ಕವಡೆ ಎಸೆದು ರಚ್ಚೆ ಹಿಡಿಯುತ್ತಿದ್ದಳು. ನಾನು "ಸೋತು ಕೊಡ್ರಿ ಅತ್ತೆ, ಪಾಪ" ಅನ್ನುತ್ತಿದ್ದೆ. ಅವರು ಒಂದು ದಿನವೂ ಬೇಕಂತ ಸೋತು ಕೊಡಲಿಲ್ಲ, ಆದರೆ ಅವಳು ಅಳುವಾಗ ಬೈಯಲೂ ಇಲ್ಲ, ನಗಲೂ ಇಲ್ಲ. ಅಳು ಮುಗಿಯೋವರೆಗೆ ಮಣೆ ಎತ್ತದೆ, ಬೆನ್ನು ಸವರುತ್ತಾ ಕೂತಿರೋರು, ಆಮೇಲೆ "ಈಗ ನಿನ್ನ ಸರದಿ ಬಾರವ್ವ" ಅನ್ನೋರು. ಸಿಟ್ಟನ್ನು ತಡೆಯೋ ಮೆದುಳಿನ ಮುಂಭಾಗ ಪೂರ್ತಿ ಬಲಿಯೋಕೆ ಸುಮಾರು 25 ವರ್ಷ ಬೇಕು. ಅಲ್ಲಿವರೆಗೆ ಮಗು ಸಮಾಧಾನವನ್ನು ಪಕ್ಕದಲ್ಲಿ ಕೂತವರಿಂದ ಕಡ ತಗೋತದೆ. ನಾವೇ ಕೂಗಾಡಿದರೆ ಅದಕ್ಕೆ ಏನು ಸಿಗುತ್ತದೆ? ಇದು ನನಗೆ ಅತ್ತೆಯನ್ನು ನೋಡಿದ ಮೇಲೇ ಅರ್ಥ ಆಗಿದ್ದು.

ಇನ್ನು ಅಳು, ಹೆದರಿಕೆ ಬಂದಾಗ ಸಮಾಧಾನ ಮಾಡೋ ಉಸಿರಾಟದ ವಿಷಯ. "ದೀರ್ಘವಾಗಿ ಉಸಿರು ಬಿಡು" ಅಂದರೆ ಮಗುವಿಗೆ ತಿಳಿಯೋದಿಲ್ಲ. ಅಂಗೈ ಮುಂದೆ ಹಿಡಿದು "ಬಿಸಿ ಮಿರ್ಚಿ ಐತೆ, ವಾಸನೆ ನೋಡು, ಈಗ ನಿಧಾನಕ್ಕೆ ಊದು, ಜೋರಾಗಿ ಊದಿದ್ರೆ ಹಾರಿ ಹೋಗ್ತದೆ" ಅಂದರೆ ತಿಳಿಯುತ್ತದೆ. ಉಸಿರು ಹೊರಗೆ ಬಿಡೋದು ಉದ್ದ ಆದಷ್ಟೂ ಎದೆ ಬಡಿತ ನಿಧಾನ ಆಗುತ್ತದೆ. ಇದನ್ನು ಖುಷಿಯಾಗಿದ್ದಾಗಲೇ ಆಡಿಸಿರಬೇಕು, ಅಳುವಾಗ ಹೊಸದಾಗಿ ಕಲಿಸೋಕೆ ಆಗೋದಿಲ್ಲ. ನಿದ್ದೆಯೂ ಅಷ್ಟೇ ಮುಖ್ಯ, 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ಬೇಕು. ನಾವು ರಾತ್ರಿ ಹತ್ತೂವರೆವರೆಗೆ ಟಿವಿ ಹಾಕಿಟ್ಟು ಬೆಳಿಗ್ಗೆ ಮಗುವಿಗೆ ಹಠಮಾರಿ ಅಂತಿದ್ದೆವು.

ಇನ್ನೊಂದು ಮಾತು, ಮದುವೆ ಮನೆಯಲ್ಲಿ "ಮಾತಾಡ್ಸು, ನಾಚ್ಕೋಬ್ಯಾಡ" ಅಂತ ಮಗುವನ್ನು ಮುಂದೆ ತಳ್ಳೋದನ್ನು ದಯವಿಟ್ಟು ಬಿಡಿ. ದೂರದಿಂದ ಕೈ ಬೀಸಿದರೂ ಅದು ಮಾತಾಡಿಸಿದ ಹಾಗೇ.

ವಾರಗಟ್ಟಲೆ ಮಗು ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮಾತೇ ಕಡಿಮೆಯಾದರೆ ಇಂಥ ಆಟಗಳನ್ನು ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಈಗ ನಾವು ಅದನ್ನು ಅಳೆಯುತ್ತೇವೆ: ಸಾಸಿವೆಯಷ್ಟು, ನಿಂಬೆಹಣ್ಣಿನಷ್ಟು, ಕುಂಬಳಕಾಯಿಯಷ್ಟು. ಈ ಸೋಮವಾರ ಗೇಟಿನ ಹತ್ತಿರ ಆಟೋ ನಿಂತಾಗ ಮತ್ತೆ ಹೊಟ್ಟೆ ಹಿಡಿದುಕೊಂಡಳು. "ಎಷ್ಟೈತೆ?" ಅಂದೆ. "ಕಡ್ಲೆಬೀಜದಷ್ಟು" ಅಂದಳು, ಅಂಗೈ ಮೇಲಿನ ಮಿರ್ಚಿ ಊದಿ ಆಟೋ ಹತ್ತಿದಳು.