ಹಿಡಿಯೋಕೆ ಒಂದು ವೈರ್, ಬಿಡೋಕೆ ನಾಲ್ಕು

ನನ್ನ ಕಾರಿಗೆ ವಯಸ್ಸಾಗಿದೆ. 1.3 ಲೀಟರ್ ಎಂಜಿನ್, ಐದು ಗೇರ್, ಕಿಟಕಿ ಗಾಜು ಇಳಿಸಬೇಕೆಂದರೆ ಕೈಯಲ್ಲೇ ತಿರುಗಿಸಬೇಕು. ಆದರೂ ಮಾರೋಕೆ ಮನಸ್ಸಿಲ್ಲ. ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಅಷ್ಟು ಸಾಕಲ್ವಾ?

ತೊಂದರೆ ಇದ್ದದ್ದು ಕಾರಿಗಲ್ಲ, ನನ್ನ ಬಲಗಾಲಿಗೆ. ತಿಂಗಳಿಗೆ ಎರಡು ಸಲ ಹೆದ್ದಾರಿಯಲ್ಲಿ ಮೂರು ಗಂಟೆ ಓಡಿಸಬೇಕು. ಹಿಮ್ಮಡಿ ಕೆಳಗೆ ಊರಿ, ಮುಂಗಾಲನ್ನು ಆಕ್ಸಿಲರೇಟರ್ ಮೇಲೆ ಒಂದೇ ಅಳತೆಗೆ ಒತ್ತಿ ಹಿಡಿದು ಕೂತರೆ ಇಳಿಯುವ ಹೊತ್ತಿಗೆ ಪಾದ ಜೋಮು ಹಿಡಿದಿರುತ್ತಿತ್ತು. ಹೆಂಡತಿಯ ದೂರು ಬೇರೆ. "ನೀವು ಮಾತು ಶುರು ಮಾಡಿದ್ರೆ ಕಾರು ನಿಧಾನ ಆಗುತ್ತೆ, ಮಾತು ನಿಲ್ಲಿಸಿದ್ರೆ ಓಡುತ್ತೆ. ನನಗೆ ಹೊಟ್ಟೆ ತೊಳಸುತ್ತೆ."

ಅದಕ್ಕೇ ಕ್ರೂಸ್ ಕಂಟ್ರೋಲ್ ಹಾಕಿಸೋಣ ಅನ್ನಿಸಿತು, ಅಂದರೆ ಪೆಡಲ್ ಮೇಲೆ ಕಾಲಿಡದೆಯೂ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಸಾಧನ. ಅದು ಹುಟ್ಟಿದ್ದೂ ಇಂಥದ್ದೇ ದೂರಿನಿಂದ ಅಂತೆ. ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್‌ಗೆ ಐದನೇ ವಯಸ್ಸಿಗೇ ಕಣ್ಣು ಹೋಗಿತ್ತು. ಅವರ ವಕೀಲರು ಕಾರು ಓಡಿಸುವಾಗ ಮಾತಾಡಿದರೆ ವೇಗ ಇಳಿಸುತ್ತಿದ್ದರು, ಕೇಳುವಾಗ ಏರಿಸುತ್ತಿದ್ದರು. ಪಕ್ಕದಲ್ಲಿ ಕೂತು ಆ ಜಗ್ಗಾಟ ತಡೆಯಲಾರದೆ ಟೀಟರ್ ಈ ಸಾಧನದ ಬೆನ್ನು ಹತ್ತಿದರಂತೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು. ಇದನ್ನು ಹೆಂಡತಿಗೆ ಹೇಳಿದೆ. "ನೋಡಿ, ಕಣ್ಣಿಲ್ಲದವರಿಗೂ ಗೊತ್ತಾಗಿತ್ತು" ಅಂದಳು.

ಹೊಸ ಕಾರಾದರೆ ಇದನ್ನು ಜೋಡಿಸುವ ಕೆಲಸ ಸುಲಭ. ಅದರಲ್ಲಿ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆಯುವುದೇ ಮೋಟಾರು, ಅದನ್ನು ಆಡಿಸುವುದು ಕಂಪ್ಯೂಟರು. ಎಷ್ಟೋ ಕಾರುಗಳಲ್ಲಿ ಬಟನ್ ಜೋಡಿಸಿ, ಕಂಪ್ಯೂಟರಿನಲ್ಲಿ ಆ ಸೌಲಭ್ಯ ತೆರೆದುಬಿಟ್ಟರೆ ಮುಗಿಯಿತು. ನನ್ನದರಲ್ಲಿ ಪೆಡಲ್‌ನಿಂದ ಎಂಜಿನ್‌ವರೆಗೆ ಇರುವುದು ಬರೀ ಒಂದು ಕೇಬಲ್. ಅಂದರೆ ಅದನ್ನು ಎಳೆಯೋಕೆ ಇನ್ನೊಂದು ಕೈ ಬೇಕು.

ಆ ಕೈಯಲ್ಲಿ ಎರಡು ಜಾತಿ. ಒಂದು ಎಂಜಿನ್ ಗಾಳಿ ಹೀರುವಾಗ ಆಗುವ ಸೆಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ ಎಳೆಯುವುದು, ಇನ್ನೊಂದು ವಿದ್ಯುತ್ ಮೋಟಾರಿನದು. ವ್ಯಾಕ್ಯೂಮ್‌ನದು ಸರಳ, ಆದರೆ ಅದರದ್ದೊಂದು ಕೆಟ್ಟ ಗುಣ ಇದೆ. ಏರು ಬಂದಾಗ ಥ್ರಾಟಲ್ ಜಾಸ್ತಿ ತೆರೆಯಬೇಕು, ತೆರೆದಷ್ಟೂ ವ್ಯಾಕ್ಯೂಮ್ ಕಡಿಮೆ ಆಗುತ್ತದೆ. ಬಲ ಬೇಕಾದ ಹೊತ್ತಿಗೇ ಕೈ ಸೋಲುತ್ತದೆ. ಚಿಕ್ಕ ಎಂಜಿನ್ ಏರಿನಲ್ಲಿ ಹೇಗೂ ಥ್ರಾಟಲ್ ಪೂರ್ತಿ ತೆರೆದೇ ಏದುಸಿರು ಬಿಡುತ್ತಿರುತ್ತದೆ. ಹಾಗಾಗಿ ಮೋಟಾರಿನದನ್ನೇ ತರಿಸಿದೆ.

ಒಂದು ಭಾನುವಾರ ಬಾಮೈದ ಬಂದ. ಎಲೆಕ್ಟ್ರಾನಿಕ್ಸ್ ಅವನ ಕೆಲಸ, ಮಾತು ಕಮ್ಮಿ. ಪೆಟ್ಟಿಗೆ ತೆರೆದು ವೈರಿಂಗ್ ನಕ್ಷೆಯನ್ನು ಬಾನೆಟ್ ಮೇಲೆ ಹರಡಿ ತುಂಬ ಹೊತ್ತು ನೋಡಿದ. ಆಮೇಲೆ ನಕ್ಕ.

"ಭಾವ, ಇದರಲ್ಲಿ ಥ್ರಾಟಲ್ ಹಿಡಿಯೋಕೆ ಇರೋದು ಒಂದೇ ವೈರ್. ಬಿಡೋಕೆ ನಾಲ್ಕು."

ಅವನು ಹೇಳಿದ್ದು ತಮಾಷೆಗಲ್ಲ ಅಂತ ಸಂಜೆಯೊಳಗೆ ಗೊತ್ತಾಯಿತು.

ಬೆಳಗಿನ ಕೆಲಸ ಸಲೀಸಾಗಿ ನಡೆಯಿತು. ಮೊದಲು ಬ್ಯಾಟರಿ ಕಳಚಿದೆವು. ಕೇಬಲ್ ಎಳೆಯುವ ಮೋಟಾರಿರುವ ಸರ್ವೊ ಪೆಟ್ಟಿಗೆಯನ್ನು ಬಿಸಿ ತಾಗದ ಜಾಗ ನೋಡಿ ಬಾನೆಟ್ ಒಳಗೆ ಕೂರಿಸಿದೆವು. ಸ್ಟೀರಿಂಗ್ ಒಳಗೆ ಏರ್‌ಬ್ಯಾಗ್ ಇರುವುದರಿಂದ ಅದರ ತಂಟೆಗೆ ಹೋಗದೆ ಬಟನ್‌ಗಳನ್ನು ಡ್ಯಾಶ್‌ಬೋರ್ಡಿಗೇ ಹಾಕಿದೆವು.

ಕಾರು ಎಷ್ಟು ವೇಗದಲ್ಲಿದೆ ಅಂತ ಸರ್ವೊಗೆ ಹೇಳುವುದು ಹೇಗೆ? ನನ್ನ ಸ್ಪೀಡೋಮೀಟರ್ ಹಳೇ ಕೇಬಲ್ಲಿನದು, ಅದರಿಂದ ಸಿಗ್ನಲ್ ಬರುವುದಿಲ್ಲ. ಅದಕ್ಕೆ ಮುಂದಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ ಎರಡು ಆಯಸ್ಕಾಂತ ಕಟ್ಟಿ, ಎದುರಿಗೆ ಒಂದು ಕಾಯಿಲ್ (ತಂತಿ ಸುರುಳಿ) ಇಟ್ಟೆವು. ಗೇರ್‌ಬಾಕ್ಸಿನ ಹತ್ತಿರವೇ ಕಟ್ಟಬೇಕು. ಚಕ್ರದ ಕಡೆ ಕಟ್ಟಿದರೆ ಗುಂಡಿ ಬಂದಾಗಲೆಲ್ಲ ಶಾಫ್ಟ್ ಮೇಲೆ ಕೆಳಗೆ ಆಡಿ ಕಾಯಿಲ್‌ಗೆ ಬಡಿಯುತ್ತದೆ. ಟೈರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಉರುಳುತ್ತದೆ. ಕಿಲೋಮೀಟರಿಗೆ 555 ಸುತ್ತು, ಸುತ್ತಿಗೆರಡರಂತೆ 1110 ಸಿಗ್ನಲ್. 80ರಲ್ಲಿ ಹೋಗುವಾಗ ಸೆಕೆಂಡಿಗೆ ಸುಮಾರು 25. ಈ ಲೆಕ್ಕ ನಾನೇ ಮಾಡಿದ್ದು, ಆ ದಿನ ನನ್ನಿಂದ ಸರಿಯಾಗಿ ಆದ ಕೆಲಸ ಬಹುಶಃ ಅದೊಂದೇ.

ಪರೀಕ್ಷೆ ಮಾಡೋಕೆ ಬಾಮೈದ ಒಳಗೆ ಕೂತ, ನಾನು ಹಿಂದಿನಿಂದ ಕಾರು ತಳ್ಳಿದೆ. ಎರಡು ಮೀಟರ್ ಹೋಗುವುದರೊಳಗೆ "ಮಿನುಗ್ತಾ ಇದೆ ಭಾವ, ಮಿನುಗ್ತಾ ಇದೆ!" ಅಂತ ಕೂಗಿದ. ಪೆಟ್ಟಿಗೆಯ ಪುಟ್ಟ ಕೆಂಪು ದೀಪ ಆಯಸ್ಕಾಂತ ದಾಟಿದಾಗಲೆಲ್ಲ ಹೊತ್ತಿ ಆರುತ್ತಿತ್ತು. ಸುಮ್ನೆ ಇನ್ನೂ ಎರಡು ಸಲ ತಳ್ಳಿದೆ, ನೋಡೋಕೆ ಚೆಂದ ಇತ್ತು.

ಊಟ ಮುಗಿಸಿ ಖಾಲಿ ರಸ್ತೆಗೆ ಹೋದೆವು. 60 ಬಂತು. ಬಟನ್ ಒತ್ತಿದೆ. ಏನೂ ಆಗಲಿಲ್ಲ. 70ರಲ್ಲಿ ಒತ್ತಿದೆ, ಆಗಲೂ ಇಲ್ಲ. ಬಾಮೈದ ಫ್ಯೂಸ್ ನೋಡಿದ, ಅರ್ತ್ ನೋಡಿದ, ಬಟನ್ ವೈರ್ ಬಿಚ್ಚಿ ಮತ್ತೆ ಹಾಕಿದ. ಎಲ್ಲ ಸರಿ ಇದೆ, ಕೆಲಸ ಮಾತ್ರ ಇಲ್ಲ. ಕಳುಹಿಸಿದ ಪೆಟ್ಟಿಗೆಯೇ ಕೆಟ್ಟದ್ದು ಅಂತ ತಯಾರಿಸಿದವರಿಗೆ ನಾನು ಮನಸ್ಸಿನಲ್ಲೇ ಶಾಪ ಹಾಕಿದ್ದೂ ಆಯಿತು.

ಒಂದೂವರೆ ಗಂಟೆ ಆದಮೇಲೆ ಅವನು ಕೇಳಿದ. "ಭಾವ, ಹಿಂದಿನ ಬ್ರೇಕ್ ಲೈಟ್ ಬಲ್ಬ್ ಬದಲಾಯಿಸಿದ್ರಾ?"

ಬದಲಾಯಿಸಿದ್ದೆ. ಜಾಸ್ತಿ ಬೆಳಕು ಬರಲಿ ಅಂತ ಆರು ತಿಂಗಳ ಹಿಂದೆ ಎಲ್‌ಇಡಿ ಹಾಕಿಸಿದ್ದೆ. ಬ್ರೇಕ್ ಲೈಟಿಗೂ ಕ್ರೂಸ್‌ಗೂ ಏನು ಸಂಬಂಧ ಅಂತ ನನಗೆ ಅರ್ಥವಾಗಲಿಲ್ಲ.

ಬ್ರೇಕ್ ಒತ್ತಿದ ಕೂಡಲೇ ಕ್ರೂಸ್ ಕೈಬಿಡಬೇಕು. ಅದಕ್ಕೆ ಪೆಟ್ಟಿಗೆಯ ಒಂದು ವೈರ್ ಹೋಗಿ ಬ್ರೇಕ್ ಲೈಟಿನ ವೈರ್ ಸೇರುತ್ತದೆ. ಪೆಡಲ್ ಒತ್ತಿದರೆ ಆ ವೈರಿಗೆ 12 ವೋಲ್ಟ್ ಬರುತ್ತದೆ, ಪೆಟ್ಟಿಗೆಗೆ ಸುದ್ದಿ ಸಿಗುತ್ತದೆ. ಒತ್ತದೆ ಇರುವಾಗ? ಆಗ ಅದು ಬಲ್ಬಿನ ತಂತಿಯ ಮೂಲಕ ಅರ್ತ್‌ಗೆ ಸೇರಿರಬೇಕು. ಹಾಗೆ ಸೇರಿದ್ದರೆ ವೈರ್ ತುಂಡಾಗಿಲ್ಲ, ಬಲ್ಬ್ ಬದುಕಿದೆ ಅಂತ ಪೆಟ್ಟಿಗೆಗೆ ಧೈರ್ಯ. ಅರ್ತ್ ಸಿಗದಿದ್ದರೆ "ಬ್ರೇಕಿನ ಸುದ್ದಿಯೇ ನನಗೆ ತಲುಪದೆ ಹೋಗಬಹುದು" ಅಂತ ಅದು ಕೆಲಸವನ್ನೇ ಶುರು ಮಾಡುವುದಿಲ್ಲ. ಹಳೇ ಬಲ್ಬಿನ ತಂತಿ ತಣ್ಣಗಿದ್ದಾಗ ಕರೆಂಟಿಗೆ ಹೆಚ್ಚೇನೂ ಅಡ್ಡಿ ಮಾಡುವುದಿಲ್ಲ. ಎಲ್‌ಇಡಿ ಹಾಗಲ್ಲ, ಅದು ಬಾಗಿಲು ಹಾಕಿಕೊಂಡ ಹಾಗೆ. ಅಂದರೆ ನನ್ನ ಪೆಟ್ಟಿಗೆ ಕೆಟ್ಟಿರಲಿಲ್ಲ, ಹುಷಾರಾಗಿತ್ತು. ಹಾಕಿದ ಶಾಪ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಹಳೇ ಬಲ್ಬ್‌ಗಳು ಡಬ್ಬಿಯಲ್ಲಿ ಇದ್ದವು. ಏನನ್ನೂ ಬಿಸಾಡದ ನನ್ನ ಬುದ್ಧಿಗೆ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ, ಆ ದಿನ ಮಾತ್ರ ಅದೇ ಕಾಪಾಡಿತು. ಬಲ್ಬ್ ಹಾಕಿದೆವು. 60ರಲ್ಲಿ ಬಟನ್ ಒತ್ತಿದೆ. ಬಾನೆಟ್ ಒಳಗೆ ಸಣ್ಣಗೆ ಗುರ್ ಅಂತ ಶಬ್ದ, ಕಾಲಿನ ಕೆಳಗೆ ಪೆಡಲ್ ತಾನಾಗಿ ಕೆಳಗಿಳಿಯಿತು! ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ತಾನೇ ತೆರೆದ ಹಾಗೆ ಆಯಿತು. ಕಾಲು ಎತ್ತಿಬಿಟ್ಟೆ, ಕಾರು ಹೋಗುತ್ತಲೇ ಇತ್ತು.

ಖುಷಿಯಲ್ಲಿ ನಾನು ಮಾಡಬಾರದ್ದು ಮಾಡಿದೆ. ಗೇರ್ ಬದಲಿಸೋಣ ಅಂತ ಕ್ಲಚ್ ಒತ್ತಿದೆ. ಎಂಜಿನ್ ಕಿರುಚಿತು. ಚಕ್ರದ ಭಾರ ತಪ್ಪಿದ ಎಂಜಿನ್, ಮೇಲೆ ತೆರೆದೇ ಇರುವ ಥ್ರಾಟಲ್. ಬಾಮೈದ ಕೈ ಚಾಚಿ ಬಟನ್ ಆಫ್ ಮಾಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಕ್ಲಚ್ ಸ್ವಿಚ್ ಇನ್ನೂ ಹಾಕಿಲ್ಲ ಭಾವ. ಹೇಳಿದ್ನಲ್ಲ?"

ಹೇಳಿದ್ದ. ಸಂಜೆ ನೋಡೋಣ ಅಂತ ಅವಸರ ಮಾಡಿದ್ದು ನಾನೇ. ಗೇರ್ ಇರುವ ಕಾರಿನಲ್ಲಿ ಬ್ರೇಕ್‌ನಷ್ಟೇ ಮುಖ್ಯ ಇದು. ಕ್ಲಚ್ ಪೆಡಲ್ಲಿಗೊಂದು ಆಯಸ್ಕಾಂತ, ಎದುರಿನ ಪಟ್ಟಿಗೆ ರೀಡ್ ಸ್ವಿಚ್, ಅಂದರೆ ಆಯಸ್ಕಾಂತ ಹತ್ತಿರ ಇದ್ದರೆ ಕೂಡಿಕೊಂಡಿರುವ ಸ್ವಿಚ್. ಕಾಲಿಟ್ಟು ಪೆಡಲ್ ಸ್ವಲ್ಪ ಸರಿದರೆ ಸಾಕು, ಸ್ವಿಚ್ ತೆರೆದು ಕ್ರೂಸ್ ಬಿಡುತ್ತದೆ. ಅಂತರ ಕೆಲವೇ ಮಿಲಿಮೀಟರ್. ತಲೆ ಕೆಳಗೆ, ಕಾಲು ಸೀಟಿನ ಮೇಲೆ ಹಾಕಿ ಮಲಗಿ ಆ ಅಂತರ ಸರಿ ಮಾಡೋಕೆ ಇಡೀ ಪ್ರಾಜೆಕ್ಟಿನಲ್ಲೇ ಅತಿ ಹೆಚ್ಚು ಹೊತ್ತು ಬೇಕಾಯಿತು. ಕುತ್ತಿಗೆ ಮೂರು ದಿನ ನೋಯುತ್ತಿತ್ತು.

ಆಮೇಲೆ ಬಾಮೈದ ಉಳಿದ ದಾರಿಗಳನ್ನೂ ತೋರಿಸಿದ. ಸರ್ವೊ ಒಳಗೆ ಮೋಟಾರಿಗೂ ಕೇಬಲ್ಲಿಗೂ ನಡುವೆ ಒಂದು ವಿದ್ಯುತ್ ಕ್ಲಚ್ ಇದೆ. ಅದಕ್ಕೆ ಕರೆಂಟ್ ಇದ್ದಷ್ಟು ಹೊತ್ತೇ ಹಿಡಿತ. ಕರೆಂಟ್ ಹೋದರೆ ಥ್ರಾಟಲ್ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಮೆಯಿನ್ ಬಟನ್ ಆಫ್ ಮಾಡಿದರೂ ಅಷ್ಟೇ. ಒಂದು ವೈರ್ ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಇಷ್ಟೆಲ್ಲ. ಕತ್ತಲಾಗುವ ಮೊದಲು ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿದೆವು. ಅಷ್ಟಾಗದೆ ಮನೆಗೆ ಹೋಗೋಕೆ ಅವನು ಒಪ್ಪಲಿಲ್ಲ.

ಮರುದಿನ ಚಿಲ್ಲರೆ ರಿಪೇರಿ. ಸರ್ವೊ ಕೇಬಲ್ ಬಿಗಿಯಾಗಿ ಕಟ್ಟಿದ್ದರಿಂದ ನಿಂತಲ್ಲೇ ಎಂಜಿನ್ ತಿರುಗುವ ವೇಗ (ಐಡಲ್) ನಿಮಿಷಕ್ಕೆ 800 ಸುತ್ತು ಇದ್ದದ್ದು 1200ಕ್ಕೆ ಏರಿತ್ತು, ಸ್ವಲ್ಪ ಸಡಿಲ ಬಿಟ್ಟೆ. ವೇಗ ತಪ್ಪಿದಾಗ ಪೆಟ್ಟಿಗೆ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆನ್ಸಿಟಿವಿಟಿಯನ್ನು ಚಿಕ್ಕ ಎಂಜಿನ್ ಅಂತ ತೀರಾ ಜಾಸ್ತಿ ಇಟ್ಟಿದ್ದೆವು, ಕಾರು 84ಕ್ಕೆ ಹೋಗಿ 77ಕ್ಕೆ ಬಂದು ಉಯ್ಯಾಲೆ ಆಡುತ್ತಿತ್ತು. ಒಂದು ಮೆಟ್ಟಿಲು ಇಳಿಸಿದ ಮೇಲೆ ಸುಮ್ಮನಾಯಿತು.

ಈಗ ಎಂಟು ತಿಂಗಳಾಯಿತು. ಸಮತಟ್ಟು ರಸ್ತೆಯಲ್ಲಿ 80ಕ್ಕೆ ಇಟ್ಟರೆ ಒಂದೆರಡು ಕಿಲೋಮೀಟರ್ ಆಚೀಚೆ, ಅಷ್ಟೇ. ದೊಡ್ಡ ಏರಿನಲ್ಲಿ ಐದನೇ ಗೇರಿನಲ್ಲಿ ಅದು ಸೋಲುತ್ತದೆ, ಗೇರ್ ಇಳಿಸುವುದು ನನ್ನ ಕೆಲಸವೇ. ಮಳೆಯಲ್ಲಿ ಹಾಕುವುದೇ ಇಲ್ಲ. ಚಕ್ರ ಜಾರುತ್ತಿದ್ದರೂ ಹಟ ಹಿಡಿದು ಥ್ರಾಟಲ್ ಎಳೆಯುವ ಯಂತ್ರವನ್ನು ನಂಬೋಕೆ ನನ್ನಿಂದಾಗದು. ಕಾಲು ಮರಗಟ್ಟುವುದು ನಿಂತಿದೆ. ಮೊದಲ ಕೆಲವು ಪ್ರಯಾಣಗಳಲ್ಲಿ ಮಾತ್ರ ಬಲಗಾಲಿಗೆ ಎಲ್ಲಿರಬೇಕು ಅಂತಲೇ ಗೊತ್ತಾಗದೆ ಬ್ರೇಕಿನ ಮುಂದೆ ಸುಮ್ಮನೆ ತೇಲುತ್ತಿತ್ತು.

ಹೋದ ವಾರ ಹೆದ್ದಾರಿಯಲ್ಲಿ ಬಟನ್ ಒತ್ತಿದರೆ ಮತ್ತೆ ಏನೂ ಆಗಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಕಡೆ ಹೋಗದೆ ನೇರ ಹಿಂದಕ್ಕೆ ಹೋದೆ. ಹೆಂಡತಿ ಈ ಕಡೆ ಬಂದು ಕೂತು ಬ್ರೇಕ್ ಒತ್ತಿದಳು. ಎರಡೂ ಬಲ್ಬ್ ಹೊತ್ತಲಿಲ್ಲ. ಎಷ್ಟು ದಿನದಿಂದ ಹಾಗೇ ಓಡಿಸುತ್ತಿದ್ದೆನೋ, ಕ್ರೂಸ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಡಬ್ಬಿ ಈಗ ಡಿಕ್ಕಿಯಲ್ಲೇ ಇರುತ್ತದೆ. ಎರಡು ಬಲ್ಬ್ ತೆಗೆದು ಹಾಕಿ ಹೊರಟೆವು.