ಮುಚ್ಚಳದ ಮೇಲಿನ ಗಿಳಿ

ಸೆಪ್ಟೆಂಬರ್ 24, 2024, ಮಂಗಳವಾರ
ಆಲಿಸ್ ಸ್ಪ್ರಿಂಗ್ಸ್

ಆಸ್ಟ್ರೇಲಿಯಾದ ನಟ್ಟನಡುವಿನ ಈ ಊರಿಗೆ ಮಧ್ಯಾಹ್ನ ಬಂದಿಳಿದೆವು. ಮೆಲ್ಬರ್ನ್‌ನಿಂದ ಹತ್ತಿರ ಹತ್ತಿರ ಮೂರು ಗಂಟೆ. ಕೊನೆಯ ಒಂದು ಗಂಟೆ ಕಿಟಕಿಯ ಕೆಳಗೆ ಬರೀ ಕೆಂಪು ನೆಲ. "ಅಜ್ಜಿ ಮನೆ ಮಣ್ಣಿನ ಬಣ್ಣ" ಅಂದಳು ಮಗಳು. ನಮ್ಮೂರು ಸಾಗರದ ಮಣ್ಣು ಇಷ್ಟು ಕೆಂಪಲ್ಲ. ಆದರೂ ಅವಳಿಗೆ ಹಾಗೆ ಅನ್ನಿಸಿದ್ದು ನನಗೆ ಖುಷಿಯಾಯಿತು.

ಆಲಿಸ್ ಅಂದಕೂಡಲೇ ಎಲ್ಲರೂ ಉಲುರು ಬಂಡೆ ಅಂತಾರೆ. ಅದು ಇಲ್ಲಿಂದ ಇನ್ನೂ ಸುಮಾರು 450 ಕಿಲೋಮೀಟರ್ ದೂರ. ಈ ಸಲ ಅಲ್ಲಿಗೆ ಹೋಗುವುದಿಲ್ಲ. ನಮ್ಮನ್ನು ಇಲ್ಲಿಗೆ ಕರೆತಂದಿದ್ದು ಒಂದು ಬೂಮರಾಂಗ್.

2013ರಲ್ಲಿ, ಈ ದೇಶಕ್ಕೆ ಬಂದ ಹೊಸದರಲ್ಲಿ, ಒಂದು ಸೂವನೀರ್ ಅಂಗಡಿಯಲ್ಲಿ 25 ಡಾಲರ್ ಕೊಟ್ಟು ಅದನ್ನು ತಂದಿದ್ದೆ. ಚುಕ್ಕಿಗಳಲ್ಲಿ ಬರೆದ ಕಾಂಗರೂ, ಒಂದು ಹಲ್ಲಿ. ಹನ್ನೊಂದು ವರ್ಷ ನಮ್ಮ ಮನೆಯ ಹಾಲ್‌ನ ಗೋಡೆ ಮೇಲಿತ್ತು. ಊರಿಂದ ಬಂದವರಿಗೆಲ್ಲ "ಇಲ್ಲಿನ ಮೂಲನಿವಾಸಿಗಳು ಮಾಡಿದ್ದು" ಅಂತ ನಾನೇ ತೋರಿಸಿದ್ದೇನೆ. ಈ ಜೂನ್‌ನಲ್ಲಿ ಮಗಳ ಶಾಲೆಯಲ್ಲಿ ನೈಡಾಕ್ ವಾರ ಮಾಡಿದರು. ಮೂಲನಿವಾಸಿಗಳ ಸಂಸ್ಕೃತಿಯನ್ನು ಗೌರವಿಸುವ ವಾರ ಅದು. ಮನೆಯಲ್ಲಿರುವ ಒಂದು ವಸ್ತು ತರಬೇಕು, ಅದನ್ನು ಮಾಡಿದವರು ಯಾರು ಅಂತ ಹೇಳಬೇಕು. ಅವಳು ಗೋಡೆಯಿಂದ ಬೂಮರಾಂಗ್ ತೆಗೆದು ಹಿಂದೆ ತಿರುಗಿಸಿದಳು. ಬೆಲೆ ಚೀಟಿ ಅಂಟಿಸಿದ್ದ ಜಾಗ. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇಂಡೋನೇಷ್ಯಾದಲ್ಲಿ ತಯಾರಾದದ್ದು ಅಂತ ಇತ್ತು. ಮಾಡಿದವರ ಹೆಸರು ಎಲ್ಲೂ ಇರಲಿಲ್ಲ. ಅವಳು ಅದನ್ನು ಶಾಲೆಗೆ ಒಯ್ಯಲಿಲ್ಲ. ನಾನು ವಾಪಸ್ ಗೋಡೆಗೆ ಹಾಕಲೂ ಇಲ್ಲ.

ಆಮೇಲೆ ಓದುತ್ತಾ ಹೋದೆ. ಇದು ನನ್ನೊಬ್ಬಳ ಕಥೆಯಲ್ಲ. ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂ ಅನ್ನುವ ಊದುವ ವಾದ್ಯ ಇತ್ಯಾದಿ 18,000ಕ್ಕೂ ಹೆಚ್ಚು ವಸ್ತುಗಳನ್ನು ಮೂಲನಿವಾಸಿಗಳು ಮಾಡಿದ್ದು ಅನ್ನುವ ಹಾಗೆ ಮಾರಿದ್ದಕ್ಕೆ ಒಂದು ಸಗಟು ಕಂಪನಿಗೆ 2019ರಲ್ಲಿ ಇಲ್ಲಿನ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತು. ಅಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿತ್ತು. ಅಲ್ಲಿ ಕೋರ್ಟ್ ಹಿಡಿದದ್ದು ಸುಳ್ಳು ಹೇಳಿದ್ದನ್ನು ಮಾತ್ರ. ಮೂಲನಿವಾಸಿಗಳ ಶೈಲಿಯನ್ನು ನಕಲು ಮಾಡಿದ್ದನ್ನಲ್ಲ. 2022ರಲ್ಲಿ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್ ಕೊಟ್ಟ ವರದಿಯ ಪ್ರಕಾರ, ಮೂಲನಿವಾಸಿ ಶೈಲಿಯ ಸೂವನೀರ್‌ಗಳಿಗೆ ಜನ ಸುರಿಯುವ ದುಡ್ಡಿನಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಹೋಗುವುದು ನಕಲಿಗಳಿಗೇ. ಅದಕ್ಕೇ ಈ ಸಲ ಮಾಡಿದವರ ಹತ್ತಿರವೇ ಕೊಳ್ಳೋಣ ಅಂತ ಇಲ್ಲಿಗೆ ಹೊರಟೆವು.

ಸಂಜೆ ಟಾಡ್ ಮಾಲ್‌ನಲ್ಲಿ ನಡೆದೆವು. ಊರ ನಡುವಿನ, ಕಾಲ್ನಡಿಗೆಯವರ ಬೀದಿ ಅದು. ಹುಲ್ಲಿನ ಮೇಲೆ ಒಬ್ಬ ಅಜ್ಜಿ ನಾಲ್ಕೈದು ಸಣ್ಣ ಕ್ಯಾನ್ವಾಸ್ ಹರಡಿಕೊಂಡು ಕೂತಿದ್ದರು. ಒಂದಕ್ಕೆ 80 ಡಾಲರ್. ನಮ್ಮ ಮುಂದೆ ನಿಂತಿದ್ದ ಪ್ರವಾಸಿಯೊಬ್ಬ ಎರಡಕ್ಕೆ ಸೇರಿ 40 ಕೊಡ್ತೀನಿ ಅಂದ. ಅಜ್ಜಿ ಮಾತಾಡಲಿಲ್ಲ. ಅವನು 50 ಅಂದ. ನನಗೆ ಮೈ ಉರಿಯಿತು. ಚೌಕಾಸಿ ಮಾಡುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ, ಗಾಂಧಿ ಬಜಾರಿನಲ್ಲಿ ಹೂವಿಗೂ ಚೌಕಾಸಿ ಮಾಡುವವರು. ಆದರೆ ಸಂಜೆ ಹೊತ್ತು, ದಿನವಿಡೀ ಏನೂ ಮಾರದೆ ಕೂತವರ ಹತ್ತಿರ ಬೆಲೆ ಇಳಿಸುವುದು ಚೌಕಾಸಿ ಅಲ್ಲ. ಅವರ ಕಷ್ಟವನ್ನು ಅಳೆದು ನೋಡುವುದು.

ಹೀಗೆ ಬೀದಿಯಲ್ಲಿ ಕೊಳ್ಳಬಹುದಾ? ನನಗೂ ಅನುಮಾನ ಇತ್ತು. ಕಲಾವಿದೆಯೇ ಕೂತು ಮಾರುತ್ತಿದ್ದರೆ ತಪ್ಪೇನಿಲ್ಲ ಅಂತ ಈಗ ಅನಿಸುತ್ತದೆ. ದುಡ್ಡು ಪೂರ್ತಿ ಅವರ ಕೈಗೇ ಹೋಗುತ್ತದೆ. ಕೇಳಿದ ಬೆಲೆ ಕೊಟ್ಟೆ. ಹೆಸರು ಕೇಳಿದೆ. ಅವರೇ ನನ್ನ ಪುಸ್ತಕ ತಗೊಂಡು, ನಾನು ತಪ್ಪಾಗಿ ಬರೆದಿದ್ದನ್ನು ಹೊಡೆದು ಸರಿಯಾಗಿ ಬರೆದರು. ಚಿತ್ರದಲ್ಲಿರುವುದು ಅವರ ಅಮ್ಮನ ಊರಿನ ಬೀಜಗಳಂತೆ. ಫೋಟೋ ತೆಗೆಯಲಾ ಅಂದರೆ, ಚಿತ್ರದ್ದು ತೆಗಿ, ನನ್ನದು ಬೇಡ ಅಂದರು. ಅವರ ಹೆಸರು ನನ್ನ ಪುಸ್ತಕದಲ್ಲಿದೆ. ಇಲ್ಲಿ ಹಾಕಬಹುದಾ ಅಂತ ಕೇಳಲಿಲ್ಲ, ಅದಕ್ಕೆ ಹಾಕುತ್ತಿಲ್ಲ.

ಸೆಪ್ಟೆಂಬರ್ 25, ಬುಧವಾರ

ಇವತ್ತು ಹರ್ಮನ್ಸ್‌ಬರ್ಗ್ ಅನ್ನುವ ಊರಿಗೆ, ಅಲ್ಲಿನ ಕುಂಬಾರರ ಕೇಂದ್ರಕ್ಕೆ ಹೋಗಬೇಕಿತ್ತು. ಬೆಳಗ್ಗೆ ಫೋನ್ ಮಾಡಿದೆ. "ಇವತ್ತು ಬರಬೇಡಿ, ಸಾರಿ ಬಿಸಿನೆಸ್ ಇದೆ, ನಾಳೆ ನೋಡೋಣ" ಅಂದರು. ಊರಲ್ಲಿ ಸಾವಾಗಿದೆ ಅಂತ ಅರ್ಥ. ಸಾವಾದರೆ ಎಲ್ಲರೂ ಕೆಲಸ ಬಿಟ್ಟು ಒಟ್ಟಿಗೆ ಕೂರುತ್ತಾರೆ. ಸತ್ತವರ ಹೆಸರನ್ನು ಕೆಲವು ಕಾಲ ಬಾಯಲ್ಲಿ ಎತ್ತುವುದಿಲ್ಲ. ನಮ್ಮ ಕಡೆ ಸೂತಕದ ಮನೆಗೆ ಯಾರೂ ವ್ಯಾಪಾರಕ್ಕೆ ಹೋಗುವುದಿಲ್ಲ, ಅಲ್ವಾ? ಫೋನ್ ಮಾಡಿದ್ದು ಒಳ್ಳೆಯದಾಯಿತು.

ಹಾಗಾಗಿ ಊರಲ್ಲೇ ಇರುವ ಇಲ್ಚ ನ್ಚಾರಕ್ಕೆ ಹೋದೆವು. ಅರಂಡ ಭಾಷೆಯಲ್ಲಿ "ಹಲವು ಕೈಗಳು" ಅಂತ ಅರ್ಥ. ಜಲವರ್ಣ ಕಲಾವಿದರ ಕೇಂದ್ರ. ಮೂಲನಿವಾಸಿ ಕಲೆ ಅಂದರೆ ಚುಕ್ಕಿ ಅಂತಲೇ ತಿಳಿದಿದ್ದ ನಮಗೆ ಇಲ್ಲಿನ ಗೋಡೆಗಳು ಬೇರೆಯೇ ಕಂಡವು. ನೇರಳೆ ಬೆಟ್ಟ, ಬಿಳಿ ಕಾಂಡದ ಗಮ್ ಮರ, ಒಣಗಿದ ಹೊಳೆಯ ಮರಳು. ಉದ್ದದ ಮೇಜಿನ ಸುತ್ತ ಏಳೆಂಟು ಜನ ಸುಮ್ನೆ ಬರೆಯುತ್ತಾ ಕೂತಿದ್ದರು.

ಈ ಶೈಲಿ ಆಲ್ಬರ್ಟ್ ನಮತ್‌ಜಿರಾ ಅವರಿಂದ ಬಂದದ್ದು. ಹುಟ್ಟಿದ್ದು 1902ರಲ್ಲಿ, ಹರ್ಮನ್ಸ್‌ಬರ್ಗ್‌ನಲ್ಲಿ. 1938ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಪ್ರದರ್ಶನ ಮಾಡಿದಾಗ ಎಲ್ಲ ಚಿತ್ರಗಳೂ ಮಾರಾಟವಾದವು. ದೇಶವೆಲ್ಲ ಹೆಸರು. ಆದರೂ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಿಕೊಳ್ಳಲು ಅವರಿಗೆ ಅವಕಾಶ ಸಿಗಲಿಲ್ಲ. 1957ರಲ್ಲಿ ಪೌರತ್ವದ ಪೂರ್ತಿ ಹಕ್ಕು ಕೊಟ್ಟರು. ಬಳಗದ ಉಳಿದವರಿಗೆ ಅದು ಸಿಗಲಿಲ್ಲ, ಅವರಿಗೆ ಮದ್ಯ ಕೊಡುವುದು ಆಗ ಅಪರಾಧ. ತಮ್ಮವರ ಜೊತೆ ಮದ್ಯ ಹಂಚಿಕೊಂಡರು ಅನ್ನುವ ಆರೋಪದ ಮೇಲೆ 1958ರಲ್ಲಿ ಅವರಿಗೇ ಶಿಕ್ಷೆ ಆಯಿತು. 1959ರಲ್ಲಿ ತೀರಿಕೊಂಡರು. ಮುಂದಿನದು ನನಗೆ ಇನ್ನೂ ಕಷ್ಟ ಅನಿಸುವ ಭಾಗ. 1983ರಲ್ಲಿ, ಮನೆಯವರನ್ನು ಕೇಳದೆ, ಸರ್ಕಾರದ ಪಬ್ಲಿಕ್ ಟ್ರಸ್ಟಿ ಅವರ ಚಿತ್ರಗಳ ಕಾಪಿರೈಟನ್ನು ಒಂದು ಪ್ರಕಾಶನ ಸಂಸ್ಥೆಗೆ 8,500 ಡಾಲರಿಗೆ ಮಾರಿಬಿಟ್ಟಿತು. ಮುಂದೆ 34 ವರ್ಷ, ತಾತನ ಚಿತ್ರ ಎಲ್ಲಿ ಅಚ್ಚಾದರೂ ಮೊಮ್ಮಕ್ಕಳಿಗೆ ಒಂದು ಪೈಸೆಯೂ ಬರಲಿಲ್ಲ. 2017ರಲ್ಲಿ ಅದು ಕುಟುಂಬದ ಟ್ರಸ್ಟಿಗೆ ವಾಪಸ್ ಬಂತು.

ಮೇಜಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ನನ್ನ ಮಗಳನ್ನು ಹತ್ತಿರ ಕರೆದು ಬಣ್ಣ ತೋರಿಸಿದರು. ಅವರು ಬರೆಯುತ್ತಿದ್ದ ಬೆಟ್ಟ ಅವರ ಅಜ್ಜನ ನೆಲವಂತೆ. "ಕಂಟ್ರಿ" ಅನ್ನುತ್ತಾರೆ. ದೇಶ ಅನ್ನುವ ಅರ್ಥದಲ್ಲಲ್ಲ. ಬೆಟ್ಟ, ನೀರು, ಕಥೆ, ನೆಂಟಸ್ತನ ಎಲ್ಲ ಸೇರಿದ ನೆಲ. ನಿಮ್ಮ ಕಡೆ ಏನು ಬರೆಯುತ್ತಾರೆ ಅಂತ ಕೇಳಿದರು. ಫೋನಿನಲ್ಲಿ ಹಸೆ ಚಿತ್ತಾರದ ಫೋಟೋ ಇತ್ತು, ತೋರಿಸಿದೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಬ್ರಶ್ ಅಂತ ವಿವರಿಸಿದೆ. ಬಹಳ ಹೊತ್ತು ನೋಡಿ, "ಇದನ್ನು ಯಾರು ಬರೆಯಬಹುದು?" ಅಂದರು.

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. ದೀವರ ಹೆಂಗಸರು ಬರೆಯುತ್ತಾರೆ ಅಂದೆ. ನೀವು ಅವರಾ ಅಂದರು. ಅಲ್ಲ, ನಮ್ಮ ಪಕ್ಕದ ಮನೆಯವರು ಅಂದೆ. ಅವರು ತಲೆ ಆಡಿಸಿದರು. ಇಲ್ಲಿ ಕಥೆ ಯಾರದ್ದೋ ಅವರೇ ಅದನ್ನು ಬರೆಯಬೇಕು. ಅದು ಕಾನೂನಿನ ಹಾಗೆ. ಸಾಗರದ ಸಂತೆಯಲ್ಲಿ ಚಿತ್ತಾರ ಅಚ್ಚು ಹಾಕಿದ ಚೀಲ ಕೊಂಡಾಗ ನಾನು ಒಂದು ಸಲವೂ ಆ ಪ್ರಶ್ನೆ ಕೇಳಿರಲಿಲ್ಲ.

ಅವರದ್ದೇ ಒಂದು ಸಣ್ಣ ಜಲವರ್ಣ ತಗೊಂಡೆವು. ಜೊತೆಗೆ ಒಂದು ಪ್ರಮಾಣಪತ್ರ. ಕಲಾವಿದರ ಹೆಸರು, ಭಾಷೆ, ಚಿತ್ರದಲ್ಲಿರುವ ಜಾಗ, ಕ್ಯಾಟಲಾಗ್ ಸಂಖ್ಯೆ ಅದರಲ್ಲಿವೆ. ದುಡ್ಡು ಹೇಗೆ ಹಂಚಿಕೆಯಾಗುತ್ತದೆ ಅಂತ ಸಂಕೋಚದಿಂದಲೇ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿಗೆ ಸಂತೋಷವೇ ಆಯಿತು. ಕಲಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬೆಲೆಯ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕಲಾವಿದರಿಗೆ. ಉಳಿದದ್ದು ಬಣ್ಣ, ಕಾಗದ, ಬಾಡಿಗೆ, ಸಂಬಳ, ವಯಸ್ಸಾದವರನ್ನು ಮನೆಯಿಂದ ಕರೆತರುವ ಗಾಡಿಗೆ. ಕೇಂದ್ರ ಯಾರದ್ದು ಅಂದರೆ ಸಮುದಾಯದ್ದೇ. ಮಧ್ಯ ಆಸ್ಟ್ರೇಲಿಯಾದ ಕೇಂದ್ರಗಳಿಗೆ ಡೆಸಾರ್ಟ್ ಅನ್ನುವ ಒಕ್ಕೂಟ ಇದೆ. ಖಾಸಗಿ ಗ್ಯಾಲರಿಗಳಾದರೆ ಇಂಡಿಜಿನಸ್ ಆರ್ಟ್ ಕೋಡ್‌ಗೆ, ಅಂದರೆ ಕಲಾವಿದರ ಜೊತೆ ನ್ಯಾಯವಾಗಿ ವ್ಯವಹರಿಸುವ ನಿಯಮಾವಳಿಗೆ, ಸಹಿ ಹಾಕಿದ್ದಾವಾ ಅಂತ ನೋಡಬಹುದು. ನಿನ್ನೆ ಸಂಜೆ ಒಂದು ಅಂಗಡಿಯಲ್ಲಿ ಇದೇ ಪ್ರಶ್ನೆ ಕೇಳಿದ್ದೆ. "ನಮಗೆ ಬೇಕಾದವರು ತಂದುಕೊಡ್ತಾರೆ" ಅಂದು ಅಲ್ಲಿನವರು ಆಚೆ ಹೋದರು. ನಾವೂ ಆಚೆ ಬಂದೆವು.

ಹಾಗೆ ಕೇಳುವುದಕ್ಕೆ ಕಾರಣ ಇದೆ. ಇಲ್ಲಿ ಕಾರ್ಪೆಟ್‌ಬ್ಯಾಗರ್ ಅನ್ನುವ ಮಾತಿದೆ. ಕಲಾವಿದರನ್ನು ಮೋಟೆಲ್ ಕೋಣೆಯಲ್ಲೋ ಶೆಡ್ಡಿನಲ್ಲೋ ಕೂರಿಸಿ ಬರೆಸಿಕೊಂಡು, ಒಂದಿಷ್ಟು ನಗದೋ ಹಳೇ ಕಾರೋ ಕೊಟ್ಟು ಕೈ ತೊಳೆದುಕೊಳ್ಳುವ ದಲ್ಲಾಳಿಗಳು. 2007ರಲ್ಲಿ ಸೆನೆಟ್ ಸಮಿತಿಯೇ ಇದರ ಬಗ್ಗೆ ವರದಿ ಕೊಟ್ಟಿತು. ಅಂಥ ಚಿತ್ರ ನಕಲಿಯಲ್ಲ, ಅಸಲಿಯೇ. ಕೊಂಡ ರೀತಿ ಮಾತ್ರ ಕೆಟ್ಟದ್ದು. ಅದೇ ವರ್ಷ ಮೂಲನಿವಾಸಿ ಕಲಾವಿದ ಕ್ಲಿಫರ್ಡ್ ಪಾಸಮ್ ಅವರ "ವಾರ್ಲುಗುಲಾಂಗ್" ಚಿತ್ರ 24 ಲಕ್ಷ ಡಾಲರಿಗೆ ಹರಾಜಾಯಿತು. 1977ರಲ್ಲಿ ಅದು ಒಂದು ಬ್ಯಾಂಕಿಗೆ ಮಾರಾಟವಾದದ್ದು 1,200 ಡಾಲರಿಗೆ. ಹರಾಜಿನ ಹೊತ್ತಿಗೆ ಅವರು ತೀರಿಕೊಂಡು ಐದು ವರ್ಷ ಆಗಿತ್ತು. ಮರುಮಾರಾಟದಲ್ಲಿ ಕಲಾವಿದರಿಗೆ ಶೇಕಡಾ 5 ಸಲ್ಲಬೇಕು ಅನ್ನುವ ಕಾನೂನು ಜಾರಿಗೆ ಬಂದದ್ದು 2010ರ ಜೂನ್‌ನಲ್ಲಿ.

ಮಧ್ಯಾಹ್ನದ ಮೇಲೆ ಜಾನ್‌ಪಿ ಹೆಂಗಸರ ಬುಟ್ಟಿಗಳು. ಜಾನ್‌ಪಿ ಅಂದರೆ ಒಣ ಹುಲ್ಲು. ಮೂರು ರಾಜ್ಯಗಳು ಸೇರುವ ಮರುಭೂಮಿಯಲ್ಲಿ 1995ರಲ್ಲಿ ಶುರುವಾದ ಕೆಲಸ, ಈಗ 400ಕ್ಕೂ ಹೆಚ್ಚು ಹೆಂಗಸರು ಹೆಣೆಯುತ್ತಾರೆ. ಕೇಂದ್ರದವರು ದೂರದ ಊರುಗಳಿಗೆ ಹೋಗಿ ಬುಟ್ಟಿ ಕೊಂಡು ತರುತ್ತಾರೆ. 2005ರಲ್ಲಿ ಇವರು ಹುಲ್ಲಿನಲ್ಲಿ ಒಂದು ಇಡೀ ಟೊಯೋಟಾ ಗಾಡಿಯನ್ನೇ ಹೆಣೆದು ದೇಶದ ದೊಡ್ಡ ಮೂಲನಿವಾಸಿ ಕಲಾ ಪ್ರಶಸ್ತಿ ಗೆದ್ದರಂತೆ. ಅದರ ಫೋಟೋ ನೋಡಿ ಮಗಳು ಕುಣಿದಳು. ನಮ್ಮ ಮೇದಾರರ ಬುಟ್ಟಿಯಲ್ಲಿ ಬಿದಿರಿನ ಸೀಳುಗಳು ಒಂದರ ಕೆಳಗೊಂದು ನುಗ್ಗುತ್ತವೆ. ಇಲ್ಲಿ ಹುಲ್ಲಿನ ಹುರಿಯನ್ನು ಸಿಂಬೆಯ ಹಾಗೆ ಸುತ್ತುತ್ತಾ, ಸೂಜಿಯಲ್ಲಿ ಹೊಲಿಯುತ್ತಾ ಏರುತ್ತಾರೆ. ಒಂದು ಸಣ್ಣ ಬುಟ್ಟಿ ತಗೊಂಡೆ. ಮೂಗಿಗೆ ಹಿಡಿದರೆ ಗದ್ದೆ ಕೊಯ್ಲಾದ ಮೇಲಿನ ವಾಸನೆ.

ಸೆಪ್ಟೆಂಬರ್ 26, ಗುರುವಾರ

ಬೆಳಗ್ಗೆ ಮತ್ತೆ ಫೋನ್ ಮಾಡಿ, ಬನ್ನಿ ಅಂದಮೇಲೆ ಹೊರಟೆವು. ಲಾರಾಪಿಂಟಾ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್. ಬಲಗಡೆ ಉದ್ದಕ್ಕೂ ಬೆಟ್ಟದ ಸಾಲು. ನಿನ್ನೆ ಕಾಗದದ ಮೇಲೆ ನೋಡಿದ ನೇರಳೆ ಬಣ್ಣ ನಿಜವಾಗಿಯೂ ಅಲ್ಲಿತ್ತು. ಕಲಾವಿದರು ಅದನ್ನು ಸೇರಿಸಿಕೊಂಡಿದ್ದಲ್ಲ. ನಮತ್‌ಜಿರಾ ಬರೆದಿದ್ದ ಎರಡು ಬಿಳಿ ಗಮ್ ಮರಗಳು ಈ ದಾರಿಯ ಪಕ್ಕದಲ್ಲೇ ಇದ್ದವು. 2013ರ ಶುರುವಿನಲ್ಲಿ ಸುಟ್ಟುಹೋದವು, ಯಾರೋ ಬೆಂಕಿ ಇಟ್ಟದ್ದು ಅನ್ನುವ ಅನುಮಾನ ಇದೆ. ಈಗ ಚಿತ್ರದಲ್ಲಿ ಮಾತ್ರ ಇವೆ.

ಎಲ್ಲ ಕಲಾ ಕೇಂದ್ರಗಳಿಗೂ ಹೀಗೆ ಸೀದಾ ಗಾಡಿ ಓಡಿಸಿಕೊಂಡು ಹೋಗಲು ಆಗುವುದಿಲ್ಲ. ಒಳನಾಡಿನ ಎಷ್ಟೋ ಊರುಗಳು ಮೂಲನಿವಾಸಿಗಳದ್ದೇ ಭೂಮಿ. 1976ರ ಭೂ ಹಕ್ಕಿನ ಕಾಯ್ದೆಯ ಪ್ರಕಾರ ಒಳಗೆ ಹೋಗಲು ಪರ್ಮಿಟ್ ಬೇಕು, ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್‌ನಲ್ಲಿ ಮೊದಲೇ ಕೇಳಬೇಕು. ಇದು ಕಿರಿಕಿರಿ ಅಂತ ಹೋಟೆಲಿನಲ್ಲಿ ಯಾರೋ ಗೊಣಗುತ್ತಿದ್ದರು. ಬೇರೆಯವರ ಮನೆಗೆ ಹೋಗುವಾಗ ಬಾಗಿಲು ತಟ್ಟುವುದಕ್ಕೂ ಕಿರಿಕಿರಿಯಾ?

ಹರ್ಮನ್ಸ್‌ಬರ್ಗ್ ಕುಂಬಾರರ ಶೆಡ್ಡಿನಲ್ಲಿ ಇವತ್ತು ಇಬ್ಬರೇ ಇದ್ದರು. ನಿನ್ನೆಯ ದುಃಖ ಇನ್ನೂ ಊರಲ್ಲಿತ್ತು. ನಾವೂ ಜಾಸ್ತಿ ಮಾತಾಡಲಿಲ್ಲ. 1990ರಿಂದ ನಡೆದು ಬಂದ ಕೇಂದ್ರ ಇದು, ಮಾಡುವವರು ಹೆಚ್ಚಾಗಿ ಹೆಂಗಸರು. ತಿಗರಿ ಇಲ್ಲ. ಜೇಡಿಮಣ್ಣಿನ ಸುರುಳಿ ಇಟ್ಟು ಕೈಯಲ್ಲೇ ಏರಿಸುತ್ತಾರೆ. ಗುಂಡು ಮಡಿಕೆಯ ಮೈ ತುಂಬ ಬೆಟ್ಟ, ಮರ, ಹೊಳೆ. ಮುಚ್ಚಳದ ಮೇಲೆ ಒಂದು ಜೀವ ಕೂತಿರುತ್ತದೆ, ಹಕ್ಕಿಯೋ ಹಲ್ಲಿಯೋ.

ಮಗಳು ಒಂದು ಮಡಿಕೆಯ ಮುಂದೆ ನಿಂತವಳು ಅಲ್ಲಾಡಲಿಲ್ಲ. ಮುಚ್ಚಳದ ಮೇಲೆ ರಿಂಗ್‌ನೆಕ್ ಗಿಳಿ. ಹಸಿರು ಮೈ, ಕುತ್ತಿಗೆಗೆ ಹಳದಿ ಪಟ್ಟಿ. ಮಾಡಿದವರು ಅಲ್ಲೇ ಕೂತಿದ್ದರು. ಇನ್ನೂ ಸುಟ್ಟಿಲ್ಲ ಅಂದರು. ಬಣ್ಣ ಈಗ ಮಂಕಾಗಿದೆ, ಬೆಂದ ಮೇಲೆ ಏಳುತ್ತದೆ. ಗೂಡಿನಲ್ಲಿ ಒಡೆದರೂ ಒಡೆಯಬಹುದು. ಅದಕ್ಕೇ ಬೆಲೆ ಈಗ ಹೇಳುವುದಿಲ್ಲ. ಅಲ್ಲಿ ಸುಟ್ಟು ಸಿದ್ಧವಾಗಿದ್ದ ಮಡಿಕೆಗಳೂ ಇದ್ದವು. ಅವುಗಳಲ್ಲಿ ಒಂದು ತಗೋ ಅಂದರೆ ಮಗಳು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ವಿಳಾಸ ಬರೆದುಕೊಟ್ಟೆವು. ಗೂಡು ತುಂಬುವಷ್ಟು ಮಡಿಕೆ ಆದಾಗ ಬೆಂಕಿ ಹಾಕುತ್ತಾರಂತೆ. ಉಳಿದರೆ ಇಮೇಲ್ ಮಾಡುತ್ತಾರೆ.

ಹೊರಡುವಾಗ ಮಗಳು ಅವರ ಹೆಸರು ಕೇಳಿದಳು. ಹೇಳಿಕೊಟ್ಟರು. ಕಾರಿನಲ್ಲಿ ಅವಳು ಆ ಹೆಸರನ್ನು ನಾಲ್ಕು ಸಲ ಹೇಳಿಕೊಂಡಳು, ಐದನೇ ಸಲಕ್ಕೆ ನಿದ್ದೆ ಬಂತು.

ನಾಳೆ ಮಧ್ಯಾಹ್ನ ವಿಮಾನ. ಹುಲ್ಲಿನ ಬುಟ್ಟಿ ಕೈಚೀಲದಲ್ಲಿ ಬರುತ್ತದೆ. ಜಲವರ್ಣಕ್ಕೆ ಎರಡು ರಟ್ಟಿನ ನಡುವೆ ಜಾಗ ಮಾಡಿದ್ದೇನೆ. ಮಡಿಕೆ ಇನ್ನೂ ಅಲ್ಲೇ ಇದೆ, ಕಪಾಟಿನ ಮೇಲೆ, ಹಸಿಯಾಗಿ.